ಪದರ ತಿಳಿಯದು

ಮೊದಲ ದಿನ ಕೈಗೆ ಕೊಟ್ಟದ್ದು ಒಂದು ಕರಣೆ,
ಹಲ್ಲುಜ್ಜುವ ಬ್ರಷ್ಷು, ಮೊಣಕಾಲಿಗೆ ಗೋಣಿಚೀಲ,
ಎದೆಗೆ 'ಸ್ವಯಂಸೇವಕ' ಎಂಬ ಬಿಲ್ಲೆ.
ಬಿಲ್ಲೆ ನನಗೆ ಹೊಸತಲ್ಲ.
"ಅಗೀಬ್ಯಾಡ್ರಿ ತಾಂಡೇಲರ, ಕೆರೀರಿ," ಅಂದರು ಮಾಳಗಿ ಮೇಡಂ,
"ಇಷ್ಟು ವರ್ಷ ಕಾದದ್ದು ಮಧ್ಯಾಹ್ನದತನಕ ಕಾಯ್ತದ."

ಮೂವತ್ತೊಂದು ವರ್ಷ ಕಾರವಾರ–ಅಂಕೋಲೆ ಬಸ್ಸಿನಲ್ಲಿ
ಟಿಕೆಟ್ ಹರಿದವನಿಗೆ ಅವಸರ ಬಿಟ್ಟು ಬೇರೇನು ಗೊತ್ತು?
ಒಳಗೆ ಹೋಗಿ, ಒಳಗೆ ಹೋಗಿ, ರೈಟ್.
ಇಲ್ಲಿ ಒಳಗೆ ಹೋಗುವುದೆಂದರೆ
ದಿನಕ್ಕೆ ನಾಲ್ಕು ಬೆರಳು.

ಸದಾಶಿವಗಡದ ಬುಡ, ಕಾಳಿ ಕಡಲಿಗೆ ಬಾಯಿ ಬಿಡುವಲ್ಲಿ
ನಾಲ್ಕು ಮೀಟರಿನ ಚೌಕ, ಮೂಲೆಗೆ ಮೊಳೆ, ಸುತ್ತ ಬಿಳಿ ದಾರ.
ಮೇಲಿನ ಪದರದಲ್ಲಿ ನಮ್ಮದೇ ಕಾಲ:
ಗುಟ್ಕಾ ಚೀಟಿ, ನೈಲಾನ್ ಬಲೆಯ ಗಂಟು,
ಒಂದು ಹವಾಯಿ ಚಪ್ಪಲಿ, ಎಡಗಾಲಿನದು.
ಅದನ್ನೂ ಬರೆದುಕೊಂಡ ಭಟ್ಕಳದ ಹುಡುಗ ಇಮ್ರಾನ್ ಶಾಬಂದರಿ,
ನಗದೆ.
ಕೆಳಗೆ ಮರಳು. ಮರಳಿನ ಕೆಳಗೆ ಚಿಪ್ಪು, ಚಿಪ್ಪು, ಚಿಪ್ಪು.
"ಬಳಚು," ಅಂದಳು ಮಣ್ಣು ಹೊರುವ ಮಂಕಾಳಿ ಗೌಡ, ಬುಟ್ಟಿ ಇಳಿಸದೆ,
"ಬೇಯ್ಸಿ ತಿಂದ್ ಬಿಸಾಕಿದ್ದು. ನಮ್ಮನೆ ಹಿಂದೂ ಹೀಂಗೇ ರಾಶಿ."
ಮೇಡಂ ಅದನ್ನೂ ಬರೆಸಿದರು, ಅವಳ ಹೆಸರು ಸಮೇತ.

ಒಂಬತ್ತು ದಿನ ನನಗೆ ಏನೂ ಸಿಗಲಿಲ್ಲ.
ಹತ್ತನೆಯ ದಿನ ಸಿಕ್ಕಿದ್ದು ಏನೂ ಅಲ್ಲದ್ದು:
ಹಳದಿ ಮಣ್ಣಲ್ಲಿ ಒಂದು ಕಪ್ಪು ಸುತ್ತು, ತಂಬಿಗೆಯ ಬಾಯಿಯಷ್ಟು.
ಕಂಬ ನಿಂತ ಜಾಗವಂತೆ. ಕಂಬ ಕೊಳೆತು ಹೋಗಿದೆ,
ನಿಂತದ್ದು ಉಳಿದಿದೆ.
ಎಲ್ಲರೂ ಬಗ್ಗಿ ಬಗ್ಗಿ ನೋಡಿದರು. ಚಾ ಆರಿಹೋಯಿತು.

ಈಗ ಹೇಳಬೇಕಾದ್ದು ಹೇಳುತ್ತೇನೆ.
ಹನ್ನೆರಡನೆಯ ದಿನ, ಎಲ್ಲರೂ ಊಟಕ್ಕೆ ಎದ್ದಾಗ,
ಕರಣೆಯ ತುದಿಗೆ ಟಿಕ್ಕೆಂದಿತು ಮಡಕೆಯ ಕಂಠದ ಚೂರು.
ಎಂಜಲು ಹಚ್ಚಿ ಒರೆಸಿದೆ.
ಹಸಿ ಮಣ್ಣಲ್ಲಿ ಯಾರೋ ಒತ್ತಿದ ಹೆಬ್ಬೆರಳ ಕುಳಿ.
ನನ್ನ ಹೆಬ್ಬೆರಳು ಇಟ್ಟು ನೋಡಿದೆ.
ಕೂತಿತು.
ಕೂತದ್ದೇ ತಪ್ಪಾಯಿತು. ಜೇಬಿಗೆ ಹಾಕಿದೆ,
ಯಾರಿಗೋ ಕೊಡಬೇಕಾದ ಚಿಲ್ಲರೆಯ ಹಾಗೆ.

ಮೂರು ರಾತ್ರಿ ಅದು ತೋಡೂರು ಕಾಲನಿಯ ನನ್ನ ಮನೆಯಲ್ಲಿ,
ಗೋಡೆಗೂಡಿನಲ್ಲಿ, ಹಿತ್ತಾಳೆಯ ಚಿಲಕದ ಪಕ್ಕ ಇತ್ತು.
ಚಿಲಕ ಆಯಿ ತಂದದ್ದು, ನೌಕಾನೆಲೆಗೆ ಅರಗಾ ಬಿಡುವ ದಿನ
ಬಾಗಿಲಿನಿಂದ ಕಿತ್ತು, ಸೆರಗಿನಲ್ಲಿ ಕಟ್ಟಿ.
ಆ ಬಾಗಿಲು ಯಾವ ದಿಕ್ಕಿಗಿತ್ತು ಎಂದು ಮೊಮ್ಮಗಳು ಕೇಳಿದರೆ
ಒಮ್ಮೆ ಕಡಲು ತೋರಿಸುತ್ತೇನೆ, ಒಮ್ಮೆ ಹೆದ್ದಾರಿ.

ನಾಲ್ಕನೆಯ ಬೆಳಿಗ್ಗೆ ಮೇಡಂ ಮುಂದೆ ಅಂಗೈ ಬಿಚ್ಚಿದೆ.
ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.
"ಎಷ್ಟು ಆಳ?"
ಗೊತ್ತಿಲ್ಲ.
"ಯಾವ ಮೂಲಿ?"
ಈಶಾನ್ಯ. ಇರಬೇಕು.
ಚೌಕ ಅಷ್ಟರಲ್ಲಿ ಒಂದು ಗೇಣು ಇಳಿದಿತ್ತು,
ಆ ಮಣ್ಣು ಮಂಕಾಳಿಯ ಬುಟ್ಟಿಯೇರಿ, ಜರಡಿ ದಾಟಿ, ದಂಡೆ ಸೇರಿತ್ತು.
ಟಿಕೆಟ್ ಇಲ್ಲದವರನ್ನು ನಾನು ಇಳಿಸಿದ್ದೆಷ್ಟು,
ಎಲ್ಲಿ ಹತ್ತಿದ್ದು, ಎಲ್ಲಿ ಹತ್ತಿದ್ದು ಎಂದು ಗದರಿ.

ಇಮ್ರಾನ್ ಚೀಟಿ ತಂದು ನನ್ನ ಕೈಲೇ ಬರೆಸಿದ:
ಮಡಕೆ ಚೂರು, ಒಂದು. ಬೆರಳ ಗುರುತಿದೆ. ಪದರ ತಿಳಿಯದು.
ಕೆಳಗೆ ಸಹಿ, ತಾರೀಖು.
ಆಮೇಲೆ ಕರಣೆ ಕೈಗಿಟ್ಟು, "ಆ ಬದಿ ನೋಡಿ," ಅಂದ,
ಏನೂ ಆಗದವರ ಹಾಗೆ.

ನಾಳೆ ಭಾನುವಾರ, ಕೆಲಸವಿಲ್ಲ.
ಮುದಗಾದಲ್ಲಿ ಹಳೆಯ ನೆರೆಯವ ವಿಠೋಬ ಇದ್ದಾನೆ, ಎಂಬತ್ತಾರು ದಾಟಿದವ.
ಹೋಗಿ ಕೇಳಬೇಕು
ನಮ್ಮ ಬಾಗಿಲು ಯಾವ ಕಡೆಗಿತ್ತು ಎಂದು.
ಕಿವಿ ಮಂದ ಅವನಿಗೆ.
ಜೋರಾಗಿ ಕೇಳಬೇಕು.